ಟಂಗ್‌ಸ್ಟನ್ ಒಳಗಿನ ಡ್ಯುಟೀರಿಯಂ ಹುಡುಕಿದ್ದು: ನನ್ನ ಅನುಭವ

ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ತೆಗೆಯುವ ಫ್ಯೂಷನ್ ಯಂತ್ರಕ್ಕೆ ಹಾಕುವ ಇಂಧನವೆಲ್ಲ ಉರಿದು ಮುಗಿಯುವುದಿಲ್ಲ. ಆ ಇಂಧನ ಅಂದರೆ ಹೈಡ್ರೋಜನ್‌ನ ಭಾರದ ರೂಪಗಳಾದ ಡ್ಯುಟೀರಿಯಂ, ಟ್ರಿಟಿಯಂ; ಅವು ಸ್ವಲ್ಪ ಸ್ವಲ್ಪವೇ ಯಂತ್ರದ ಗೋಡೆಯೊಳಗೆ ಸೇರಿಕೊಳ್ಳುತ್ತವೆ. ಟ್ರಿಟಿಯಂ ವಿಕಿರಣ ಸೂಸುವ ವಸ್ತು, ಸಿಗುವುದೂ ಅಪರೂಪ. ಎಲ್ಲಿ ಎಷ್ಟು ಕೂತಿದೆ ಅಂತ ಲೆಕ್ಕ ಇಡಲೇಬೇಕು. ಗೋಡೆಯ ಟೈಲ್ ಬಿಚ್ಚಿ ತರದೆ, ಇದ್ದಲ್ಲೇ ಲೇಸರ್ ಹೊಡೆದು ನೋಡುವ ವಿಧಾನಕ್ಕೆ ಲಿಬ್ಸ್ (ಲೇಸರ್ ಇಂಡ್ಯೂಸ್ಡ್ ಬ್ರೇಕ್‌ಡೌನ್ ಸ್ಪೆಕ್ಟ್ರೋಸ್ಕೋಪಿ) ಅನ್ನುತ್ತಾರೆ.

ನಾನು ಕೆಲಸ ಮಾಡಿದ್ದು ಲ್ಯಾಬ್‌ನ ಸ್ಯಾಂಪಲ್ ಮೇಲೆ. ಟಂಗ್‌ಸ್ಟನ್ ತುಂಡು, ಅದರ ಮೇಲೆ ಡ್ಯುಟೀರಿಯಂ ಇರುವ ತೆಳು ಪದರ. ಲೇಸರ್ 1064 ನ್ಯಾನೋಮೀಟರ್‌ನದು, ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಸುರಕ್ಷತೆಯ ಕನ್ನಡಕ ಹಾಕದೆ ಯಾರೂ ಒಳಗೆ ಬರುವ ಹಾಗಿಲ್ಲ. ಪಲ್ಸ್ ಬಿದ್ದ ಜಾಗ ಆವಿಯಾಗಿ ಪುಟ್ಟ ಪ್ಲಾಸ್ಮಾ, ಅಂದರೆ ಎಲೆಕ್ಟ್ರಾನ್ ಬಿಡಿಯಾದ ಬಿಸಿ ಅನಿಲ, ಏಳುತ್ತದೆ. ಅದರ ಬೆಳಕನ್ನು ಸ್ಪೆಕ್ಟ್ರೋಮೀಟರ್‌ನಲ್ಲಿ ಬಣ್ಣ ಬಣ್ಣವಾಗಿ ಬಿಡಿಸಿ ನೋಡಿದರೆ ಪ್ರತಿ ಧಾತುವಿಗೂ ಅದರದೇ ಗೆರೆಗಳು ಕಾಣುತ್ತವೆ, ಯಾವ ಧಾತು ಇದೆ ಅಂತ ಗೊತ್ತಾಗುತ್ತದೆ.

ಹೇಳುವುದಕ್ಕೆ ಸುಲಭ. ಆದರೆ ಮಾಮೂಲಿ ಹೈಡ್ರೋಜನ್ ಗೆರೆ 656.28 ನ್ಯಾನೋಮೀಟರ್‌ನಲ್ಲಿ, ಡ್ಯುಟೀರಿಯಂ ಗೆರೆ 656.10ರಲ್ಲಿ. ಗಾಳಿಯಲ್ಲಿ ಹೊಡೆದರೆ ಪ್ಲಾಸ್ಮಾದಲ್ಲಿ ಎಲೆಕ್ಟ್ರಾನ್‌ಗಳು ಕಿಕ್ಕಿರಿದು ಎರಡೂ ಗೆರೆ ಉಬ್ಬುತ್ತವೆ, ಒಂದೇ ಗುಡ್ಡ ಕಾಣುತ್ತದೆ. ಅದಕ್ಕೇ ಚೇಂಬರ್‌ನ ಗಾಳಿ ತೆಗೆದು ಸ್ವಲ್ಪ ಆರ್ಗಾನ್ ಬಿಟ್ಟೆ. ಒತ್ತಡ ಇಳಿದಂತೆ ಲೇಸರ್‌ನ ಟಪ್ ಟಪ್ ಸದ್ದೂ ಸಣ್ಣದಾಗುತ್ತದೆ! ಪೂರ್ತಿ ಇಳಿಸಿದರೆ ಬೆಳಕೇ ಸಾಲುವುದಿಲ್ಲ. ಕೆಲವು ಮಿಲಿಬಾರ್‌ನಲ್ಲಿ ಗುಡ್ಡ ಎರಡಾಗಿ ಸೀಳಿತು.

ಕ್ಯಾಮೆರಾ ತೆರೆಯುವ ಹೊತ್ತೂ ಮುಖ್ಯ. ಪಲ್ಸ್ ಬಿದ್ದ ತಕ್ಷಣ ಬರುವುದು ಬರೀ ಬಿಳಿ ಬೆಳಕು. ಸುಮಾರು ಒಂದು ಮೈಕ್ರೋಸೆಕೆಂಡ್ ಕಾದು ತೆರೆದೆ. ಅಳತೆ ಸರಿಯಿದೆಯಾ ಅಂತ ನೋಡಲು ನಿಯಾನ್ ದೀಪದ 653.3 ಮತ್ತು 659.9ರ ಗೆರೆ ಸಾಕು. ನಮಗೆ ಬೇಕಾದ ಗೆರೆ ಅವೆರಡರ ನಡುವೆಯೇ ಇದೆಯಲ್ವಾ.

ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೊಡೆದರೆ ಯಾವ ಆಳದಲ್ಲಿ ಏನಿದೆ ಅಂತ ಸಿಗುತ್ತದೆ. ಮೊದಲ ಹೊಡೆತದಲ್ಲಿ ಹೈಡ್ರೋಜನ್ ಜಾಸ್ತಿ. ಅದು ಮೇಲ್ಮೈಗೆ ಅಂಟಿದ ತೇವದ್ದು, ಅದನ್ನು ನಂಬಬೇಡಿ. ಆಮೇಲೆ ಡ್ಯುಟೀರಿಯಂ ಇಳಿಯುತ್ತಾ ಹೋಗಿ, 400.9ರ ಟಂಗ್‌ಸ್ಟನ್ ಗೆರೆ ಏರುತ್ತದೆ. ಪದರ ಮುಗಿಯಿತು ಅಂತ ಅರ್ಥ.

ಬ್ರಿಟನ್ನಿನ ಜೆಟ್ ಅನ್ನುವ ಫ್ಯೂಷನ್ ಯಂತ್ರ 2023ರ ಡಿಸೆಂಬರ್‌ನಲ್ಲಿ ನಿಂತಿತು. 2024ರಲ್ಲಿ ರೋಬೋ ತೋಳಿಗೆ ಲಿಬ್ಸ್ ಕಟ್ಟಿ ಅದರ ಒಳಗೋಡೆಯನ್ನೇ ಅಳೆದರು. ಅಲ್ಲಿ ಹುಡುಕಬೇಕಾದ ಟ್ರಿಟಿಯಂ ಗೆರೆ ಡ್ಯುಟೀರಿಯಂನಿಂದ ಬರೀ 0.06 ನ್ಯಾನೋಮೀಟರ್ ದೂರ. ಹೊಸದಾಗಿ ಶುರು ಮಾಡುವವರು ಕೇಳಿದರೆ ನಾನು ಹೇಳುವುದು ಇಷ್ಟೇ: ಲೇಸರ್ ಸಾಧಾರಣದ್ದೇ ಇರಲಿ, ದುಡ್ಡನ್ನು ಸ್ಪೆಕ್ಟ್ರೋಮೀಟರ್‌ಗೆ ಹಾಕಿ.