ಕಾರ್ದಿಯಾ ಹಿಂದೆ ಬಿದ್ದ ನನ್ನ ಕಥೆ

ಚರ್ಚಿನ ಯೂತ್ ಮೀಟಿಂಗಲ್ಲಿ ಬೈಬಲಿನ ಮತ್ತಾಯ ಪುಸ್ತಕದ 5:8ನೇ ವಚನದ ಮೇಲೆ ನೀನೇ ಮಾತಾಡಪ್ಪಾ ಅಂತ ನಮ್ಮ ಅಯ್ಯನವರು ಹೇಳಿಬಿಟ್ರು. ನಾನೇನು ಸೆಮಿನರಿ ಓದಿದವನಲ್ಲ. ಫೋನಲ್ಲಿ ಇಂಗ್ಲಿಷ್ ಬೈಬಲ್ ತೆಗೆದೆ, "ಪ್ಯೂರ್ ಇನ್ ಹಾರ್ಟ್" ಇರೋರು ಧನ್ಯರು ಅಂತಿತ್ತು. ಹಾರ್ಟ್ ಅಂದ್ರೆ ಫೀಲಿಂಗ್ಸು, ತಲೆ ಬೇರೆ ಹಾರ್ಟ್ ಬೇರೆ, ದೇವರಿಗೆ ಬೇಕಾಗಿರೋದು ಹಾರ್ಟು ಅಂತ ಜೋರಾಗಿ ಎರಡು ಪುಟ ನೋಟ್ಸ್ ಬರ್ಕೊಂಡೆ. ಆಮೇಲೆ ಮನೇಲಿದ್ದ ಹಳೇ ಸತ್ಯವೇದ ತೆಗೆದ್ರೆ ಅಲ್ಲಿ ಹೃದಯ ಅನ್ನೋ ಪದವೇ ಇಲ್ಲ, "ನಿರ್ಮಲಚಿತ್ತರು ಧನ್ಯರು" ಅಂತಿದೆ. 6:21 ನೋಡಿದೆ, ನಿನ್ನ ಗಂಟು ಇದ್ದಲ್ಲೇ ನಿನ್ನ ಮನಸ್ಸು ಅಂತಿದೆ. ಒಂದು ಕಡೆ ಚಿತ್ತ, ಒಂದು ಕಡೆ ಮನಸ್ಸು, ಇಂಗ್ಲಿಷಲ್ಲಿ ಎರಡಕ್ಕೂ ಹಾರ್ಟು. ಯಾರು ಸರಿ?

ಮತ್ತಾಯ ಮೂಲದಲ್ಲಿರೋದು ಗ್ರೀಕಲ್ಲಿ, ಅದಕ್ಕೆ ಗ್ರೀಕ್ ಸಾಲಿನ ಕೆಳಗೇ ಒಂದೊಂದು ಪದದ ಅರ್ಥ ತೋರಿಸೋ ಆ್ಯಪ್ ಹಾಕ್ಕೊಂಡೆ. ಗ್ರೀಕ್ ಅಕ್ಷರ ಗೊತ್ತಿದ್ದದ್ದು ಗಣಿತದ ಕ್ಲಾಸಿನ ಆಲ್ಫಾ, ಥೀಟಾ ಅಷ್ಟೇ, ಹಾಗಾಗಿ 'ರೋ' ಅಕ್ಷರ ಇಂಗ್ಲಿಷ್ ಪಿ ಥರ ಕಾಣುತ್ತೆ ಅಂತ ಎರಡು ದಿನ "ಕಪ್ದಿಯಾ" ಅಂತಾನೇ ಓದಿದೆ (ನಗಬೇಡಿ). ಹಾರ್ಟ್ ಅಂತ ಇಂಗ್ಲಿಷಿಗೆ ಬಂದಿರೋ ಗ್ರೀಕ್ ಪದ ಕಾರ್ದಿಯಾ, ಸ್ಟ್ರಾಂಗ್ ನಂಬರ್ (ಬೈಬಲಿನ ಮೂಲ ಪದಗಳಿಗೆ ಕೊಟ್ಟಿರೋ ಕ್ರಮಸಂಖ್ಯೆ) 2588, ಆಸ್ಪತ್ರೆಯ ಕಾರ್ಡಿಯಾಲಜಿ ಬೋರ್ಡಲ್ಲಿರೋದೂ ಇದೇ.

ಡಿಕ್ಷನರಿ ಅರ್ಥ ನೋಡದೆ, ಮತ್ತಾಯ ಪುಸ್ತಕ ಒಂದರಲ್ಲೇ ಅದು ಬರೋ 16 ಜಾಗನೂ ನೋಟ್‌ಬುಕ್ಕಿಗೆ ಇಳಿಸಿ, ಪ್ರತಿಯೊಂದರ ಮುಂದೆ ಈ ಕಾರ್ದಿಯಾ ಇಲ್ಲಿ ಏನು ಕೆಲಸ ಮಾಡ್ತಿದೆ ಅಂತ ಬರೆದೆ. ನೋಟ್ಸ್ ಹರಿದು ಹಾಕಿದ್ದು ಇಲ್ಲೇ. 9:4ರಲ್ಲಿ ಶಾಸ್ತ್ರಿಗಳು ಕಾರ್ದಿಯಾದಲ್ಲಿ ಕೆಟ್ಟದ್ದನ್ನ ಯೋಚಿಸ್ತಾರೆ. 13:15ರಲ್ಲಿ ಕಣ್ಣು ನೋಡುತ್ತೆ, ಕಿವಿ ಕೇಳುತ್ತೆ, ಅರ್ಥ ಮಾಡ್ಕೊಳ್ಳೋದು ಕಾರ್ದಿಯಾ! 24:48ರ ಕೆಟ್ಟ ಆಳು ಯಜಮಾನ ಲೇಟಾಗಿ ಬರ್ತಾನೆ ಅಂತ ಲೆಕ್ಕ ಹಾಕೋದೂ ಅಲ್ಲೇ. 12:40ರಲ್ಲಂತೂ ಅದು ಭೂಮಿಯ ಒಡಲು. ರಕ್ತ ಪಂಪ್ ಮಾಡೋ ಅಂಗ ಅನ್ನೋ ಅರ್ಥ ಹದಿನಾರರಲ್ಲಿ ಒಂದ್ಕಡೆನೂ ಸಿಗಲಿಲ್ಲ.

ಹಾಗಂತ ಫೀಲಿಂಗ್ಸ್ ಇಲ್ವೇ ಇಲ್ಲ ಅನ್ನೋಹಾಗಿಲ್ಲ, ಯೋಹಾನ 14:1ರಲ್ಲಿ ಕಳವಳ ಆಗೋದೂ ಕಾರ್ದಿಯಾಗೇ. ಆದ್ರೆ ಯೋಚನೆ, ತೀರ್ಮಾನ, ದುಃಖ ಎಲ್ಲಾ ಒಂದೇ ಮನೇಲಿ. ಹಳೇ ಒಡಂಬಡಿಕೆಯಲ್ಲಿ ಹೃದಯಕ್ಕಿರೋ ಹೀಬ್ರೂ 'ಲೇವಾವ್' ಪದದ ನೆರಳು ಇದು ಅಂತ ಆಮೇಲೆ ತಿಳೀತು. ದೇವರನ್ನ ಪೂರ್ತಿಯಾಗಿ ಪ್ರೀತಿಸು ಅನ್ನೋ ಆಜ್ಞೆಗೆ ಧರ್ಮೋಪದೇಶಕಾಂಡ 6:5ರಲ್ಲಿ ಮೂರೇ ಪದ (ಲೇವಾವ್, ಪ್ರಾಣ, ಶಕ್ತಿ), ಮಾರ್ಕ 12:30ಕ್ಕೆ ಬಂದಾಗ ನಾಲ್ಕು, ಬುದ್ಧಿಗೆ 'ದಿಯಾನೋಯಾ' ಅಂತ ಬೇರೆ ಪದ ಸೇರ್ಕೊಂಡಿದೆ, ಲೇವಾವ್ ಒಳಗಿದ್ದದ್ದನ್ನೇ ಬಿಡಿಸಿ ಹೇಳಿದ್ದು ಅಂತ ನನ್ನ ಓದು. ಸೋ ನಮ್ಮ "ಮನಸ್ಸು" ಎಷ್ಟೋ ಕಡೆ ಇಂಗ್ಲಿಷ್ ಹಾರ್ಟಿಗಿಂತ ಹತ್ತಿರ ಕೂರುತ್ತೆ.

5:8ರ "ನಿರ್ಮಲ"ಕ್ಕೆ ಗ್ರೀಕಲ್ಲಿ 'ಕಥರೋಸ್'. ಇದೇ ಪದ 27:59ರಲ್ಲಿ ಯೇಸುವಿನ ದೇಹ ಸುತ್ತಿದ ಬಟ್ಟೆಗೂ ಇದೆ, ಒಗೆದ ಬಟ್ಟೆ ಥರ ಶುಭ್ರ. ಮೀಟಿಂಗಲ್ಲಿ ಇದನ್ನೇ ಹೇಳಿದೆ, ಭಾವುಕರಾಗೋದಲ್ಲ, ಒಳಗೊಳಗೇ ಇನ್ನೊಂದು ಲೆಕ್ಕ ಇಟ್ಕೊಳ್ಳದ ಮನಸ್ಸು ಅಂತ.

ಒಬ್ಬ ಹುಡುಗ ಕೇಳ್ದ, "ಅಣ್ಣಾ, ಹಾಗಾದ್ರೆ ಅಯ್ಯೋ ಪಾಪ ಅನ್ಸೋದು ಎಲ್ಲಿ?" ಅದಕ್ಕೆ ಬೇರೆ ಪದನೇ ಇದೆ. 9:36ರಲ್ಲಿ ಜನರನ್ನ ನೋಡಿ ಯೇಸು ಕನಿಕರಪಟ್ಟ ಅನ್ನೋ ಕ್ರಿಯಾಪದ ಬಂದಿರೋದು 'ಸ್ಪ್ಲಾಂಖ್ನಾ' ಇಂದ, ಅಂದ್ರೆ ಹೊಟ್ಟೆಯೊಳಗಿನ ಭಾಗಗಳು ಅಂತ ಹೇಳ್ತಿದ್ದೆ, ಮುಗಿಸೋಕೂ ಬಿಡದೆ ಹಿಂದಿನ ಬೆಂಚಿಂದ ಒಬ್ರು ಅಜ್ಜಿ, "ಕರುಳು ಚುರ್ ಅಂತು ಅನ್ನಪ್ಪಾ, ಅದಕ್ಯಾಕೆ ಅಷ್ಟು ಕಷ್ಟ ಪಡ್ತೀ" ಅಂದ್ರು.