ಲೈಬೀರಿಯಾದ ಠಾಣೆಯಲ್ಲಿ ನಮ್ಮ ದೂರು ಪುಸ್ತಕ: ನನ್ನ ಅನುಭವ

2009ರಲ್ಲಿ ವಿಶ್ವಸಂಸ್ಥೆಯ ಪೊಲೀಸ್ ಸಲಹೆಗಾರನಾಗಿ ಪಶ್ಚಿಮ ಆಫ್ರಿಕಾದ ಲೈಬೀರಿಯಾಕ್ಕೆ ಹೋದಾಗ ನನ್ನ ಪಾಲಿಗೆ ಬಂದದ್ದು ರಾಜಧಾನಿ ಮನ್ರೋವಿಯಾದ ಹೊರಗಿನ ಒಂದು ಠಾಣೆ. ದೇಣಿಗೆಯ ಜೀಪಿನ ಚಕ್ರದ ಸುತ್ತ ಹುಲ್ಲು ಬೆಳೆದಿತ್ತು. ಎರಡು ಕಂಪ್ಯೂಟರ್‌ಗಳು ರಟ್ಟಿನ ಪೆಟ್ಟಿಗೆಯಲ್ಲೇ ಇದ್ದವು. ವಿದ್ಯುತ್ ಇಲ್ಲ, ಜನರೇಟರಿಗೆ ಡೀಸೆಲ್ ಇಲ್ಲ. ದೂರು ಕೊಡಲು ಬಂದವರೇ ಕಾಗದಕ್ಕೂ ಪೆನ್ನಿಗೂ ದುಡ್ಡು ಕೊಡಬೇಕಿತ್ತು. ನಾವು ಕೈ ಬಿಸಿ ಮಾಡುವುದು ಎನ್ನುವುದಕ್ಕೆ ಅಲ್ಲಿ 'ಕೋಲ್ಡ್ ವಾಟರ್' ಎಂದು ಹೆಸರು. ಪೇದೆಯ ಸಂಬಳ ತಿಂಗಳಿಗೆ ನೂರು ಡಾಲರಿನ ಆಸುಪಾಸು, ಅದೂ ತಡವಾಗಿ.

ನಾನು ಕೇಳಿದ್ದು ಪುಟಸಂಖ್ಯೆ ಹಾಕಿದ ದೂರು ಪುಸ್ತಕ, ಕಾರ್ಬನ್ ಹಾಳೆ, ದೂರುದಾರರಿಗೆ ಒಂದು ಉಚಿತ ಪ್ರತಿ. ನಮ್ಮ ಯಾವ ಠಾಣೆಯ ಬರಹಗಾರನಿಗೂ ಇದು ಹೊಸದಲ್ಲ. ಆದರೆ ಜೊತೆಗಿದ್ದ ಬೇರೆ ದೇಶಗಳ ಅಧಿಕಾರಿಗಳು ಒಪ್ಪಲಿಲ್ಲ. ಈ ಕಾಲದಲ್ಲಿ ಕಾಗದಕ್ಕೆ ಹಣ ಕೇಳುತ್ತೀರಾ ಎಂದರು.

ಮೊದಲ ಕಂತಿನಲ್ಲಿ 20 ಪುಸ್ತಕ, ಸುಮಾರು 180 ಡಾಲರ್, ಅರ್ಧ ನನ್ನ ಭತ್ಯೆಯಿಂದ. ಎಲ್ಲವೂ ನೀರುಪಾಲಾಯಿತು. ಪುಸ್ತಕಗಳ ಬೆನ್ನಿಗೆ ಬರೀ ಗೋಂದು ಹಾಕಿದ್ದರು. ಜೂನ್ ಮಳೆಗೆ ಹಾಳೆಗಳು ಕಳಚಿದವು. ಬಿಡಿಯಾದ ಹಾಳೆ ಮಾಯವಾಗಲು ಎಷ್ಟು ಹೊತ್ತು ಬೇಕು? ಮುಂದಿನ ಕಂತನ್ನು ಮೀನುಬಲೆಯ ನೈಲಾನ್ ದಾರದಿಂದ ಹೊಲಿಸಿದೆ. ಅದನ್ನು ಗೆದ್ದಲು ತಿಂದಿತು. ಆಗ ನೆನಪಾದದ್ದು ತೀರ್ಥಹಳ್ಳಿಯ ನಮ್ಮ ಮನೆಯ ಅಟ್ಟ. ಠಾಣೆಯ ಹಿಂದೆ ಅಡುಗೆ ಮಾಡುತ್ತಿದ್ದ ಮಾಡಿನಡಿ, ಒಲೆಯ ಮೇಲೆ, ಹಲಗೆ ಕಟ್ಟಿಸಿ ತುಂಬಿದ ಪುಸ್ತಕಗಳನ್ನು ಅಲ್ಲಿಟ್ಟೆ. ಹೊಗೆ ಹಿಡಿದು ಕಂದಾದವು, ಆದರೆ ಒಂದಕ್ಕೂ ಗೆದ್ದಲು ಹತ್ತಲಿಲ್ಲ.

ಹಾಳೆ ಹರಿದರೆ ಮೇಲ್ನೋಟಕ್ಕೇ ತಿಳಿಯುವಂಥ ಒಂದು ಗುರುತನ್ನೂ ಹಾಕಿಸಿದ್ದೆ. ಅದು ಏನೆಂದು ಇಲ್ಲಿ ಬರೆಯುವುದಿಲ್ಲ.

ನಡುವೆ ಇನ್ನೊಂದು ಪ್ರಯೋಗ: ದೂರಿನ ಸಂಖ್ಯೆ ಬರೆಯದೆ ಜೀಪಿಗೆ ಡೀಸೆಲ್ ಇಲ್ಲ ಎಂಬ ನಿಯಮ. ಮೂರು ವಾರ ಚೆನ್ನಾಗಿ ನಡೆಯಿತು, ನಾಲ್ಕನೆಯ ವಾರ ಡೀಸೆಲ್ಲೇ ಬರಲಿಲ್ಲ. ವಾಹನ ಕೊಡಲು ಮುಂದೆ ಬರುವ ದಾನಿಗಳು ಇಂಧನಕ್ಕೆ, ಬಿಡಿಭಾಗಕ್ಕೆ ಕೊಡುವುದಿಲ್ಲ. ಈ ಮಾತನ್ನು ಪ್ರತಿ ಸಭೆಯಲ್ಲೂ ಹೇಳಿದ್ದೇನೆ, ಈಗಲೂ ಹೇಳುತ್ತೇನೆ.

ತಿಂಗಳಿಗೆ ಆರೇಳು ಇದ್ದ ದೂರುಗಳು ವರ್ಷದೊಳಗೆ ನಲವತ್ತರ ಹತ್ತಿರ ಬಂದವು, ಹೆಚ್ಚಿನವು ಹೆಂಗಸರದು. ರಾಜಧಾನಿಯಲ್ಲಿ 2007ರಿಂದ ಇದ್ದ ನಮ್ಮ ಸಿಆರ್‌ಪಿಎಫ್ ಮಹಿಳಾ ತುಕಡಿಯನ್ನು ಕಂಡು ಅವರಿಗೆ ಧೈರ್ಯ ಬಂದಿತ್ತು ಎಂದು ನನ್ನ ನಂಬಿಕೆ. ಪುಸ್ತಕದ ಪಾಲೂ ಸಣ್ಣದಲ್ಲ. ಮರಗೆಣಸು ಮಾರುವ ಹೆಂಗಸೊಬ್ಬಳು ಬಂದು ತನ್ನ ದೂರು ಏನಾಯಿತೆಂದು ಕೇಳಿದಳು. ಅಂಥ ದೂರೇ ಬಂದಿಲ್ಲ ಎಂದ ಮೇಜಿನ ಪೇದೆ. ಅವಳು ಮಾತಾಡದೆ ಸೊಂಟಕ್ಕೆ ಸುತ್ತಿದ್ದ ಲಪ್ಪಾದ ಗಂಟು ಬಿಚ್ಚಿ, ಎಂಟು ಮಡಿಕೆಯ ನೀಲಿ ಪ್ರತಿಯನ್ನು ಮೇಜಿನ ಮೇಲೆ ಹರವಿದಳು. ಪುಸ್ತಕ ತೆಗೆಸಿದೆ. 31ನೆಯ ಪುಟದಲ್ಲಿ ಅವಳ ಹೆಬ್ಬೆಟ್ಟಿನ ಗುರುತಿತ್ತು. ಆ ಸಂಜೆಯೇ ಇಬ್ಬರು ಪೇದೆಗಳು ಅವಳ ಜೊತೆ ನಡೆದುಕೊಂಡೇ ಹೊರಟರು.