ಬೈಲಕುಪ್ಪೆಯ ಮನೆಗಳಿಗೆ ತ್ಸಂಪಾ ಬೀಸಿದ ನನ್ನ ಅನುಭವ

ಬೈಲಕುಪ್ಪೆಯಲ್ಲಿ ನೆಲೆಸಿದ ಟಿಬೆಟಿನವರು ಅನ್ನ, ಚಪಾತಿಗೆ ಒಗ್ಗಿಕೊಂಡು ಎರಡು ತಲೆಮಾರು ಕಳೆದಿರುವುದರಿಂದ ತ್ಸಂಪಾ ಎಂಬ ಅವರ ಹುರಿದ ಬಾರ್ಲಿ ಹಿಟ್ಟಿಗೆ ಇನ್ನು ಗಿರಾಕಿಗಳಿಲ್ಲ ಎಂದು ಕುಶಾಲನಗರದ ಕಡೆಯ ಗಿರಣಿಯವರು ನನ್ನನ್ನು ತಡೆದಿದ್ದರು. ಆದರೂ ಬೈಲಕುಪ್ಪೆ ಬಳಿಯ ಕೊಪ್ಪದ ನನ್ನ ಗಿರಣಿಯಲ್ಲಿ ಈಗ ತಿಂಗಳಿಗೆ ಹೆಚ್ಚುಕಡಿಮೆ 3 ಕ್ವಿಂಟಲ್ ತ್ಸಂಪಾ ಬೀಸುತ್ತೇನೆ.

1960ರ ಸುಮಾರಿಗೆ ಮೈಸೂರು ಸರ್ಕಾರ ಕೊಟ್ಟ ಸುಮಾರು 3,000 ಎಕರೆ ಕಾಡನ್ನು ಕಡಿದು ನೆಲೆನಿಂತ ಈ ಜನ ಇಲ್ಲಿ ಬೆಳೆದದ್ದು ಮುಖ್ಯವಾಗಿ ಮೆಕ್ಕೆಜೋಳವನ್ನು. ಆದರೂ ಮರದ ಬಟ್ಟಲಿನಲ್ಲಿ ಹಿಟ್ಟಿಗೆ ಉಪ್ಪು ಬೆಣ್ಣೆಯ ಚಹಾ ಹೊಯ್ದು ಬೆರಳಿನಿಂದ ನಾದಿ ಉಂಡೆ ಕಟ್ಟುವ ರೂಢಿಯನ್ನು ಹಿರಿಯರು ಬಿಟ್ಟಿರಲಿಲ್ಲ.

ಮೊದಲು ಅಂಗಡಿಯ ಪಾಲಿಶ್ ಬಾರ್ಲಿಯನ್ನೇ ಹುರಿದೆ. ಹಿಟ್ಟು ಬೆಳ್ಳಗೆ ಬಂತು, ಪರಿಮಳ ಬರಲಿಲ್ಲ. ನಾವೆಲ್ಲ ಮೊಲಾ ಎಂದು ಕರೆಯುವ ಅಜ್ಜಿಯೊಬ್ಬರು ಒಂದು ತುತ್ತು ನಾದಿ, ಬಾಯಿಗಿಡದೆ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಬಳಿಕ ರಾಜಸ್ಥಾನದಿಂದ ಹೊಟ್ಟಿರುವ ಬಾರ್ಲಿ ತರಿಸಿದೆ. ಟಿಬೆಟಿನ ಬಾರ್ಲಿಗೆ ಅಂಟಿದ ಹೊಟ್ಟಿರುವುದಿಲ್ಲ, ರಾಜಸ್ಥಾನದಂಥ ಬಯಲಿನದಕ್ಕೆ ಇರುತ್ತದೆ. ಎಷ್ಟು ಜರಡಿ ಹಿಡಿದರೂ ಚೂರು ಗಂಟಲಿಗೆ ಚುಚ್ಚುತ್ತಿತ್ತು. ಆ ಎರಡು ಸರಕಿನಲ್ಲಿ ಸುಮಾರು 20,000 ರೂಪಾಯಿ ಹೋಯಿತು, ಹಿಟ್ಟೆಲ್ಲ ದನಗಳ ಪಾಲಾಯಿತು.

ಕೊನೆಗೆ ಹೊಂದಿಕೆಯಾದದ್ದು ಭತ್ತದ ಹೊಟ್ಟು ಸುಲಿಯುವ ಹಳೆಯ ಯಂತ್ರ, ಹಲ್ಲರ್. ಕಾಳಿಗೆ ನೀರು ಚಿಮುಕಿಸಿ, ಹಲ್ಲರನ್ನು ಸಡಿಲಬಿಟ್ಟು ಹಾಯಿಸಿದರೆ ಹೊಟ್ಟು ಕಳಚುತ್ತದೆ, ತೌಡು ಕಾಳಿನಲ್ಲೇ ಉಳಿಯುತ್ತದೆ. ಕ್ವಿಂಟಲಿಗೆ 15 ಕೆ.ಜಿ.ಯಷ್ಟು ಕಳೆಯುತ್ತದೆ ಎಂದು ಲೆಕ್ಕ ಹಿಡಿಯಿರಿ. ನೀರಿನ ಪ್ರಮಾಣವನ್ನೂ ನೆನೆಯಲು ಬಿಡುವ ಹೊತ್ತನ್ನೂ ನಾನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನದ ಗುಟ್ಟು. ಕಾದ ಮರಳಿನಲ್ಲಿ ಹುರಿಯುವುದನ್ನು ರಾಗಿ ಹುರಿಹಿಟ್ಟು ಮಾಡಿ ಬಲ್ಲವರಿಗೆ ಹೇಳಿಕೊಡಬೇಕಾಗಿಲ್ಲ, ಆದರೆ ಅರಳಿದ ಕಾಳನ್ನು ಇಡೀ ರಾತ್ರಿ ಆರಲು ಬಿಡದೆ ಬೀಸುವ ಕಲ್ಲಿಗೆ ಹಾಕಬೇಡಿ. ಈ ವಿಧಾನದ ಹಿಟ್ಟನ್ನು ಕೊಟ್ಟ ದಿನ ಅದೇ ಮೊಲಾ ಎರಡನೆಯ ಬಟ್ಟಲು ಕೇಳಿದರು, ಮರುವಾರ ಅವರ ಬೀದಿಯ ಆರೇಳು ಮನೆಗಳಿಂದ ಬೇಡಿಕೆ ಬಂತು.

ನಡುವೆ ಕಾಲು ಪಾಲು ರಾಗಿ ಹುರಿಹಿಟ್ಟು ಬೆರೆಸಿಯೂ ನೋಡಿದೆ. ಮಕ್ಕಳು ಬೆಲ್ಲದೊಡನೆ ಇಷ್ಟಪಟ್ಟರು, ಹಿರಿಯರು ಬಣ್ಣ ಕಂಡೇ ಬೇಡವೆಂದರು. ಚಹಾ ಕಡೆಯುವ ಮರದ ಕೊಳವೆಯ ಬದಲು ಮಿಕ್ಸಿಯನ್ನು ಒಪ್ಪಿಕೊಂಡ ಮನೆಗಳೂ ಹಿಟ್ಟಿನಲ್ಲಿ ಬದಲಿಯನ್ನು ಒಪ್ಪಲಿಲ್ಲ, ಅದನ್ನು ನಾನು ಸರಿಯೆಂದೇ ತಿಳಿಯುತ್ತೇನೆ. ಟಿಬೆಟಿನವರ ಹೊಸ ವರ್ಷವಾದ ಲೋಸರ್ ಹಬ್ಬದಲ್ಲಿ ಚೆಮರ್ ಎಂಬ ಚಿತ್ತಾರದ ಮರದ ಪೆಟ್ಟಿಗೆಯ ಒಂದು ಪಾಲಿಗೆ ಬೆಣ್ಣೆ ಕಲಸಿದ ತ್ಸಂಪಾ, ಇನ್ನೊಂದಕ್ಕೆ ಕಾಳು ತುಂಬುತ್ತಾರೆ, ಬಂದವರು ಚಿಟಿಕೆ ತೆಗೆದು ಗಾಳಿಗೆ ಎರಚುತ್ತಾರೆ. ಆ ಪೆಟ್ಟಿಗೆಗೆ ಹೋಗುವ ಹಿಟ್ಟಿಗೆ ನಾನು ಬೇರೆಯದೇ ಜರಡಿ ಇಟ್ಟಿದ್ದೇನೆ, ಆ ತಿಂಗಳ ಬೀಸುವಿಕೆ ಇಮ್ಮಡಿಯಾಗುತ್ತದೆ. ಮಳೆಗಾಲದಲ್ಲಿ ಮಾತ್ರ ಬೇಡಿಕೆ ಬಂದಷ್ಟನ್ನೇ ಬೀಸಿ, ಮೂರು ವಾರದೊಳಗೆ ಮುಗಿಸಲು ಹೇಳಿ ಕೊಡುತ್ತೇನೆ.